ಆನೆಯ ಸರಪಣಿಯೂ ಎತ್ತಿನ ಲಾಳವೂ

ಲೋಹದ ತುಂಡೊಂದು ನೇಗಿಲಿಗೆ ಸಿಕ್ಕಿ ಮೇಲಕ್ಕೆ ಬಂದಾಗ ಅದಕ್ಕೆ ಹೆಸರಿಡಲು ಹೊಸಕೋಟೆಯ ಸೀಮೆಯಲ್ಲಿ ಯಾರೂ ಹೆಚ್ಚು ಹೊತ್ತು ಯೋಚಿಸುವುದಿಲ್ಲ. ಗುಂಡಾಗಿದ್ದರೆ ಅದು ಟಿಪ್ಪುವಿನ ಗುಂಡು. ಬಾಗಿದ್ದರೆ ಹೈದರನ ಕುದುರೆಯ ಲಾಳ. ಚಪ್ಪಟೆಯಾಗಿ ಹಸುರು ಕಿಲುಬು ಹಿಡಿದಿದ್ದರೆ ಆನೆ ಕಾಸು. ಏನೆಂದು ತಿಳಿಯದಿದ್ದರೆ ಪಾಳೆಯಗಾರರ ಕಾಲದ್ದು. ಇಂಥದೊಂದು ಲಾಳವನ್ನು ತರುಣನೊಬ್ಬನು ವೃತ್ತಪತ್ರಿಕೆಯ ಹಾಳೆಯಲ್ಲಿ ಸುತ್ತಿ ತಂದು ಬಹು ಗೌರವದಿಂದ ಬಿಚ್ಚಿ ತೋರಿಸಿದಾಗ, ಜಗಲಿಯ ಮೇಲೆ ಎಲೆಯಡಕೆ ಹಾಕುತ್ತ ಕುಳಿತಿದ್ದ ಮುದುಕರು ಅದನ್ನು ಬೆರಳ ತುದಿಯಲ್ಲಿ ಎತ್ತಿ, ತಿರುಗಿಸಿ ನೋಡಿ, “ಕುದುರೇದಲ್ಲ ಕಣಪ್ಪ, ಎತ್ತಿಂದು. ಕುದುರೆಗೆ ಗೊರಸು ಒಂದೇ, ಎತ್ತಿಗೆ ಸೀಳಿರತ್ತೆ, ಅದಕ್ಕೇ ಇದು ಅರ್ಧ” ಎಂದರು. ತರುಣನು, “ಹಂಗಾದ್ರೆ ಇನ್ನರ್ಧ ಎಲ್ಲಿ ತಾತ?” ಎಂದು ಕೇಳಿದನು. “ಹೊಲದಲ್ಲೇ ಇರತ್ತೆ, ಹುಡುಕು” ಎಂದು ಮುದುಕರು ಲಾಳವನ್ನು ಅವನ ಅಂಗೈಗೆ ಹಿಂದಿರುಗಿಸಿದರು.

ಹಳೆಯ ವಸ್ತುಗಳನ್ನು ಗುರುತಿಸುವ ವಿದ್ಯೆಯ ಬಹುಭಾಗವು ಈ ಸಂಭಾಷಣೆಯೊಳಗೆ ಅಡಗಿದೆಯೆಂದು ನನಗೆ ಅನೇಕ ಸಲ ಅನ್ನಿಸಿದೆ. ಆ ಮುದುಕರು ಯಾವ ಗ್ರಂಥವನ್ನೂ ಓದಿದವರಲ್ಲ. ಆದರೆ ಸಂತೆಯ ದಿನ ಎತ್ತನ್ನು ಹಗ್ಗದಿಂದ ಬಿಗಿದು ಕೆಡವಿ, ನಾಲ್ಕು ಕಾಲುಗಳನ್ನು ಒಟ್ಟುಗೂಡಿಸಿ ಕಟ್ಟಿ, ಒಂದೊಂದು ಗೊರಸಿಗೂ ಎರಡೆರಡರಂತೆ ಎಂಟು ಲಾಳಗಳನ್ನು ಹೊಡೆಯುತ್ತಿದ್ದುದನ್ನು ಕಣ್ಣಾರೆ ಕಂಡವರು. ವಸ್ತುವಿನ ಆಕಾರವನ್ನು ಅವರು ಅದು ಮಾಡುತ್ತಿದ್ದ ಕೆಲಸದ ಮೂಲಕ ಓದಿದರು. ತರುಣನಾದರೋ ಅದನ್ನು ಚರಿತ್ರೆಯ ಪಾಠದ ಮೂಲಕ ಓದಿದನು. ಮದರಾಸಿನ ಕಡೆಗೆ ಹೋಗುವ ಹೆದ್ದಾರಿಯ ಮೇಲಿನ ಈ ಊರಿನಲ್ಲಿ ಎರಡು ಶತಮಾನಗಳ ಕಾಲ ಎಷ್ಟು ಸಾವಿರ ಗಾಡಿಯೆತ್ತುಗಳು ನಡೆದುಹೋಗಿರಬೇಕೆಂಬುದನ್ನು ಎಣಿಸಿದರೆ, ಇಲ್ಲಿನ ಮಣ್ಣಿನಲ್ಲಿ ಸಿಕ್ಕುವ ಕಬ್ಬಿಣದಲ್ಲಿ ಲಾಳ, ಕಡಾಣಿ, ಗಾಲಿಯ ಪಟ್ಟಿಯ ಚೂರು, ಸವೆದ ಗುಳ, ಇವುಗಳೇ ಹೆಚ್ಚಾಗಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೂ ತರುಣನ ಊಹೆಯನ್ನು ನಾವು ಸಂಪೂರ್ಣವಾಗಿ ನಕ್ಕು ತಳ್ಳಿಹಾಕುವಂತಿಲ್ಲ. ಏಕೆಂದರೆ ಹೈದರನ ಕುದುರೆಗಳು ಈ ಬಯಲಿನಲ್ಲಿ ಓಡಿದುದು ನಿಜ.

ಸುಗಟೂರಿನ ಪ್ರಭುವಾದ ತಮ್ಮೇಗೌಡನು ಸುಮಾರು 1595ರಲ್ಲಿ ಇಲ್ಲಿ ಕೋಟೆಯನ್ನು ಕಟ್ಟಿಸಿದನೆಂದೂ, ಕೋಲಾರದ ಹಳೆಯ ಕೋಟೆಯಿಂದ ಇದನ್ನು ಪ್ರತ್ಯೇಕಿಸಿ ಹೇಳುವುದಕ್ಕಾಗಿ ಹೊಸಕೋಟೆ ಎಂಬ ಹೆಸರಾಯಿತೆಂದೂ ಬಿ. ಎಲ್. ರೈಸ್ ಅವರು ತಮ್ಮ ಗ್ಯಾಸೆಟಿಯರಿನಲ್ಲಿ ಬರೆದಿದ್ದಾರೆ. ಸುಮಾರು ಎರಡು ಮೈಲಿ ಉದ್ದದ ಏರಿಯುಳ್ಳ ದೊಡ್ಡ ಕೆರೆಯೂ ಆ ಮನೆತನದ ಕಾಲದ್ದೇ. ದಕ್ಷಿಣ ಪಿನಾಕಿನಿಯ ನೀರು ತುಂಬಿದಾಗ ಸಮುದ್ರದಂತೆ ಕಾಣುವ ಈ ಕೆರೆಯು, ಬತ್ತಿದಾಗ ತನ್ನ ಒಡಲಿನ ಹೂಳಿನಲ್ಲಿ ಎಷ್ಟು ಕಾಸು, ಎಷ್ಟು ಗೆಜ್ಜೆ, ಎಷ್ಟು ಕೊಡಗಳ ಕಂಠವನ್ನು ಹೊತ್ತುಕೊಂಡಿದೆಯೋ ಹೇಳಬಲ್ಲವರಾರು? 1638ರಲ್ಲಿ ಬಿಜಾಪುರದ ಸೈನ್ಯವು ಈ ಪ್ರಾಂತವನ್ನು ವಶಪಡಿಸಿಕೊಂಡ ಮೇಲೆ ಹೊಸಕೋಟೆಯು ಬೆಂಗಳೂರು, ಕೋಲಾರಗಳೊಂದಿಗೆ ಷಹಾಜಿಯ ಜಹಗೀರಿಗೆ ಸೇರಿತು. ಅಲ್ಲಿಂದ ಮುಂದೆ ಒಂದು ಶತಮಾನಕ್ಕೂ ಮಿಗಿಲಾದ ಅವಧಿಯ ಕೈಬದಲಾವಣೆಗಳನ್ನು ನಾನು ಇಲ್ಲಿ ವಿಸ್ತರಿಸುವುದಿಲ್ಲ. ನೆಲದಲ್ಲಿ ಸಿಕ್ಕುವ ಸೀಸದ ಗುಂಡಿನ ಪ್ರಶ್ನೆಯು ಹುಟ್ಟುವುದು 1761ರಿಂದ ಈಚೆಗೆ.

ಆ ವರ್ಷ ಹೈದರಾಬಾದಿನ ಸಲಾಬತ್ ಜಂಗನ ತಮ್ಮನಾದ ಬಸಾಲತ್ ಜಂಗನು ಮರಾಠರ ಕೈಯಲ್ಲಿದ್ದ ಹೊಸಕೋಟೆಯನ್ನು ಮುತ್ತಿ, ಕೋಟೆಯು ಸುಲಭವಾಗಿ ಮಣಿಯದೆ ಇಕ್ಕಟ್ಟಿಗೆ ಸಿಕ್ಕಿಕೊಂಡನು. ಹೈದರನು ಮೂರು ಲಕ್ಷ ರೂಪಾಯಿಗಳ ಕಾಣಿಕೆಯನ್ನು ಒಪ್ಪಿಸಿ ಅವನಿಂದ ಸಿರಾದ ನವಾಬಗಿರಿಯನ್ನು ಪಡೆದನು. ಸಿರಾ ಆಗ ಮರಾಠರ ವಶದಲ್ಲಿದ್ದಿತು. ಅಂದರೆ ಮಾರುವವನು ತನ್ನ ಕೈಯಲ್ಲಿಲ್ಲದ ಸರಕನ್ನು ಮಾರಿದನು, ಕೊಳ್ಳುವವನು ಅದನ್ನು ತಿಳಿದೇ ಕೊಂಡನು. ವ್ಯಾಪಾರದ ಈ ಚಮತ್ಕಾರವನ್ನು ಬಲ್ಲವರೇ ಮೆಚ್ಚಬೇಕು. ಹೈದರ್ ಅಲಿ ಖಾನ್ ಬಹದ್ದೂರ್ ಎಂಬ ನಾಮಧೇಯವು ಅಧಿಕೃತವಾಗಿ ಅವನಿಗೆ ಅಂಟಿಕೊಂಡುದು ಹೊಸಕೋಟೆಯ ಈ ಪಾಳೆಯದಲ್ಲಿಯೇ. ಮುಂದೆ ಅವನು ಅಚ್ಚುಹಾಕಿಸಿದ ಚಿನ್ನದ ವರಹಕ್ಕೆ ಬಹದ್ದೂರಿ ಎಂಬ ಹೆಸರು ನಿಂತಿತು. ಅದರ ಒಂದು ಮುಖದಲ್ಲಿ ಮೊದಲಿನಂತೆಯೇ ಶಿವಪಾರ್ವತಿಯರು ಕುಳಿತಿದ್ದಾರೆ. ಇನ್ನೊಂದು ಮುಖದಲ್ಲಿ ಹೈದರನ ಹೆಸರಿನ ಮೊದಲಕ್ಷರವೊಂದೇ ಪಾರಸಿಯಲ್ಲಿದೆ. ರಾಜ್ಯವು ಕೈ ಬದಲಾಯಿಸಿದರೂ ಸಂತೆಯಲ್ಲಿ ಹಣದ ಮುಖವು ಬದಲಾಗಬಾರದೆಂಬ ಎಚ್ಚರಿಕೆ ಅದರಲ್ಲಿ ಎದ್ದು ಕಾಣುತ್ತದೆ.

ಏಳು ವರ್ಷಗಳ ತರುವಾಯ, ಮೊದಲನೆಯ ಮೈಸೂರು ಯುದ್ಧದಲ್ಲಿ, ಬೆಂಗಳೂರನ್ನು ಮುತ್ತುವ ಉದ್ದೇಶದಿಂದ ಬಂದ ಕರ್ನಲ್ ಸ್ಮಿತ್‌ನ ಆಂಗ್ಲ ಸೈನ್ಯವೂ, ಅದಕ್ಕೆ ನೆರವಾಗಿ ಬಂದ ಗುತ್ತಿಯ ಮುರಾರಿರಾಯನ ಮರಾಠಾ ರಾವುತರೂ ಹೊಸಕೋಟೆಯ ಬಳಿ ಬೀಡುಬಿಟ್ಟಿದ್ದರು. 1768ರ ಆಗಸ್ಟ್ 22ರ ರಾತ್ರಿ ಹೈದರನ ಕುದುರೆಯ ದಂಡು ಮುರಾರಿರಾಯನ ಪಾಳೆಯದ ಮೇಲೆ ಹಠಾತ್ತಾಗಿ ಬಿದ್ದಿತು. ಕತ್ತಲಲ್ಲಿ ತಮ್ಮವರು ಯಾರು, ಹಗೆಗಳು ಯಾರು ಎಂಬುದನ್ನು ತಿಳಿಯುವ ಬಗೆ ಹೇಗೆ? ಮುರಾರಿರಾಯನು ತನ್ನವರಿಗೆ ಕುದುರೆ ಏರಬೇಡಿರೆಂದು ಆಜ್ಞಾಪಿಸಿದನು. ಪ್ರತಿಯೊಬ್ಬನೂ ತನ್ನ ಕುದುರೆಯ ತಲೆಯ ಬಳಿ ನಿಲ್ಲತಕ್ಕದ್ದು. ಕುದುರೆಯ ಮೇಲಿರುವವನು ಯಾವನೇ ಆಗಲಿ ಹಗೆಯವನೆಂದು ತಿಳಿದು ಹೊಡೆಯತಕ್ಕದ್ದು. ಗುರುತಿಸುವ ವಿದ್ಯೆಯ ಬಗ್ಗೆ ಬರೆಯಹೊರಟವನಿಗೆ ಇದಕ್ಕಿಂತ ಸರಳವಾದ ಲಕ್ಷಣಗ್ರಂಥ ಮತ್ತೊಂದು ಸಿಕ್ಕಲಾರದು. ಅಷ್ಟರಲ್ಲಿ ಪಾಳೆಯದ ಪಟ್ಟದಾನೆಯು ಗಾಯಗೊಂಡು, ಕಟ್ಟಿದ ಗೂಟವನ್ನು ಕಿತ್ತುಕೊಂಡು, ತನ್ನ ಕಾಲಿನ ಸರಪಣಿಯನ್ನೇ ಸೊಂಡಿಲಿನಿಂದ ಹಿಡಿದು, ಎಡಕ್ಕೂ ಬಲಕ್ಕೂ ಬೀಸುತ್ತ ಒತ್ತಾಗಿ ನುಗ್ಗಿದ್ದ ಕುದುರೆಗಳ ಗುಂಪಿನ ಮೇಲೆ ಹಾಯ್ದಿತು. ಸವಾರರು ಬೆದರಿ ತಮ್ಮ ಹಿಂದೆ ಬರುತ್ತಿದ್ದ ಕಾಲಾಳುಗಳನ್ನೇ ತುಳಿದುಕೊಂಡು ಹಿಂದಕ್ಕೆ ಓಡಿದರು. ಕರ್ನಲ್ ವಿಲ್ಕ್ಸ್ ತನ್ನ ಮೈಸೂರಿನ ಚರಿತ್ರೆಯಲ್ಲಿ ಈ ಪ್ರಸಂಗವನ್ನು ದಾಖಲಿಸಿರದಿದ್ದರೆ ನಾವು ಇದನ್ನು ಯಾವುದೋ ಲಾವಣಿಯ ಅತಿಶಯೋಕ್ತಿಯೆಂದು ಬಗೆಯುತ್ತಿದ್ದೆವು.

ಮೂರನೆಯ ಸಲ ಸೈನ್ಯ ಬಂದುದು 1791ರಲ್ಲಿ. ಕಾರ್ನ್‌ವಾಲಿಸನು ಮುಗಳಿ ಕಣಿವೆಯನ್ನು ಹತ್ತಿ, ಕೋಲಾರವನ್ನೂ ಹೊಸಕೋಟೆಯನ್ನೂ ಹೆಚ್ಚು ಪ್ರತಿಭಟನೆಯಿಲ್ಲದೆ ಹಿಡಿದು, ಮಾರ್ಚ್ 5ರಂದು ಬೆಂಗಳೂರಿನ ಮುಂದೆ ಕಾಣಿಸಿಕೊಂಡನು.

ಹೀಗೆ ಮೂವತ್ತು ವರ್ಷಗಳಲ್ಲಿ ಮೂರು ಸಲ ದಂಡು ಇಳಿದ ನೆಲದಲ್ಲಿ ಒಂದು ಸೀಸದ ಗುಂಡು ದೊರೆತರೆ ಅದನ್ನು ಯಾರ ಲೆಕ್ಕಕ್ಕೆ ಬರೆಯೋಣ? ಗುಂಡನ್ನು ಕೈಯಲ್ಲಿ ಹಿಡಿದರೆ ಅದರ ಗಾತ್ರಕ್ಕೆ ಮೀರಿದ ಭಾರ ಮೊದಲು ಗಮನಕ್ಕೆ ಬರುತ್ತದೆ. ಅನಂತರ ಅದರ ಮೇಲಿನ ಬೂದುಬಿಳಿಯ ಪೊರೆ. ಹಲವು ದಶಕಗಳ ಕಾಲ ಮಣ್ಣಿನಲ್ಲಿದ್ದ ಸೀಸಕ್ಕೆ ಆ ಪೊರೆಯು ಕಟ್ಟಿಕೊಳ್ಳುತ್ತದೆ. ಸೂಕ್ಷ್ಮವಾಗಿ ನೋಡಿದರೆ ಅಚ್ಚಿನ ಎರಡು ಹೋಳುಗಳು ಕೂಡಿದ ಕಡೆ ಎದ್ದ ಗೆರೆಯೂ, ಎರಕವನ್ನು ಹೊಯ್ದ ಬಾಯಿಯನ್ನು ಕತ್ತರಿಸಿದ ಗುರುತೂ ಕಾಣುತ್ತವೆ. ದುಂಡಗೆ ಉಳಿದಿದ್ದರೆ ಅದು ಸಿಪಾಯಿಯ ಚೀಲದಿಂದ ಜಾರಿ ಬಿದ್ದುದಾಗಿರಬಹುದು. ಒಂದು ಮಗ್ಗುಲು ಅಪ್ಪಚ್ಚಿಯಾಗಿದ್ದರೆ ಹಾರಿ ಹೋಗಿ ಏನನ್ನೋ ತಾಗಿದೆ. ಆಂಗ್ಲ ಸಿಪಾಯಿಯ ಕೋವಿಯ ನಳಿಗೆಯು ಮುಕ್ಕಾಲು ಅಂಗುಲದಷ್ಟಿದ್ದು ಗುಂಡು ಅದಕ್ಕಿಂತ ತುಸು ಚಿಕ್ಕದಾಗಿರುತ್ತಿದ್ದಿತು. ಫ್ರೆಂಚರ ಕೋವಿಯ ಬಾಯಿ ಇನ್ನೂ ಸ್ವಲ್ಪ ಕಿರಿದು. ಆದರೆ ಹೈದರನ ದಂಡಿನಲ್ಲಿ ನಾಡಿನಲ್ಲಿಯೇ ಮಾಡಿದ ಬತ್ತಿಕೋವಿಗಳೂ ಇದ್ದವು, ಐರೋಪ್ಯರಿಂದ ಕೊಂಡವೂ ಇದ್ದವು, ಕಿತ್ತುಕೊಂಡವೂ ಇದ್ದವು. ಆದುದರಿಂದ ಅಳತೆಯು ಕೋವಿಯ ಜಾತಿಯನ್ನು ಹೇಳೀತೇ ಹೊರತು ಅದನ್ನು ಹಿಡಿದ ಕೈ ಯಾರದೆಂಬುದನ್ನು ಹೇಳದು. ಅದನ್ನು ಹೇಳಬಲ್ಲುದು ಗುಂಡು ಬಿದ್ದಿದ್ದ ಸ್ಥಳವೊಂದೇ: ಯಾವ ದಿಣ್ಣೆಯ ಯಾವ ಪಾರ್ಶ್ವದಲ್ಲಿ, ಎಷ್ಟು ಆಳದಲ್ಲಿ, ಸುತ್ತಮುತ್ತ ಇನ್ನಾವ ಗುಂಡುಗಳ ಒಡನೆ.

ಸ್ಥಳವು ಹೀಗೆ ಮಾತನಾಡಿದ ನಿದರ್ಶನವೊಂದುಂಟು. ಅಮೆರಿಕದ ಮೊಂಟಾನಾ ಪ್ರಾಂತದಲ್ಲಿ, 1876ರಲ್ಲಿ ಕಸ್ಟರನ ಪಡೆ ನಾಶವಾದ ಲಿಟಲ್ ಬಿಗ್‌ಹಾರ್ನ್ ಎಂಬ ಹುಲ್ಲುಗಾವಲು 1983ರಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿ ಬರಿದಾದಾಗ, ಪುರಾತತ್ತ್ವಜ್ಞರು ಲೋಹಶೋಧಕಗಳನ್ನು ಹಿಡಿದು ಸಾಲಾಗಿ ನಡೆದರು. ಯಂತ್ರವು ಕೂಗಿದ ಕಡೆಯಲ್ಲೆಲ್ಲ ಸಣ್ಣ ಬಾವುಟ ನೆಟ್ಟು, ಅಳೆದು, ನಕ್ಷೆಯಲ್ಲಿ ಗುರುತು ಹಾಕಿಕೊಂಡ ಮೇಲೆಯೇ ವಸ್ತುವನ್ನು ಎತ್ತಿದರು. ಯಾವ ಬಂದೂಕು ಎಲ್ಲಿಂದ ಎಲ್ಲಿಗೆ ಸಾಗಿತೆಂಬುದು ಖಾಲಿ ತೋಟಾಗಳ ಸಾಲಿನಿಂದ ಹೊರಬಿದ್ದಿತು. ಅದೇ ವಸ್ತುಗಳನ್ನು ಬುಟ್ಟಿಯಲ್ಲಿ ಆಯ್ದು ತಂದಿದ್ದರೆ ಒಂದು ಬುಟ್ಟಿ ಹಿತ್ತಾಳೆ ಸಿಕ್ಕುತ್ತಿತ್ತು, ಅಷ್ಟೆ.

ಈ ಯಂತ್ರದ ಪೂರ್ವಚರಿತ್ರೆಯೂ ಕುತೂಹಲಕರವಾಗಿದೆ. 1881ರ ಜುಲೈ ತಿಂಗಳಿನಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರಿಗೆ ಗುಂಡೇಟು ಬಿದ್ದು, ಗುಂಡು ದೇಹದಲ್ಲಿ ಎಲ್ಲಿ ಸಿಕ್ಕಿಕೊಂಡಿದೆಯೆಂದು ವೈದ್ಯರಿಗೆ ತಿಳಿಯದೆಹೋದಾಗ, ಟೆಲಿಫೋನಿನ ನಿರ್ಮಾತೃವಾದ ಗ್ರಹಾಂ ಬೆಲ್ ವಿದ್ಯುತ್ ಸುರುಳಿಗಳ ಉಪಕರಣವೊಂದನ್ನು ಹೊತ್ತು ತಂದು ಅವರ ಮೈಮೇಲೆ ಆಡಿಸಿದನು. ಉಪಕರಣವು ಸದ್ದುಮಾಡಿತು, ಎಲ್ಲಿ ಹಿಡಿದರೂ ಸದ್ದುಮಾಡಿತು. ಹಾಸಿಗೆಯೊಳಗೆ ಉಕ್ಕಿನ ಸುರುಳಿಗಳಿದ್ದವೆಂಬುದು ಅದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ಗಾರ್ಫೀಲ್ಡರು ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಎರಡನೆಯ ಮಹಾಯುದ್ಧದಲ್ಲಿ ನೆಲಬಾಂಬುಗಳನ್ನು ಪತ್ತೆಮಾಡಲು ಪೋಲೆಂಡಿನ ಅಧಿಕಾರಿ ಕೊಸಾಟ್ಸ್ಕಿ ರೂಪಿಸಿದ ಹಗುರವಾದ ಶೋಧಕವು ಬಳಕೆಗೆ ಬಂದಿತು. ಯುದ್ಧ ಮುಗಿದ ಮೇಲೆ ಇಂಥ ಯಂತ್ರಗಳು ವಿನೋದಪ್ರಿಯರ ಕೈಗೂ ಬಂದವು. ಬೆಲ್ಲನ ಕಾಲದಿಂದ ಇಂದಿನವರೆಗೆ ಯಂತ್ರದ ಕಿವಿಯು ಬಹಳ ಸೂಕ್ಷ್ಮವಾಗಿದೆ. ಆದರೆ ಅದು ಹೇಳುವ ಮಾತು ಇಂದಿಗೂ ‘ಇಲ್ಲಿ ಲೋಹವಿದೆ’ ಎಂಬುದಕ್ಕಿಂತ ಬಹು ದೂರ ಹೋಗಿಲ್ಲ. ಸೋಡಾ ಬಾಟಲಿಯ ಬಿರಡೆಗೂ ಬಹದ್ದೂರಿ ವರಹಕ್ಕೂ ನಡುವಣ ಅಂತರವನ್ನು ಮನುಷ್ಯನೇ ಬಗ್ಗಿ ನೋಡಿ ತಿಳಿಯಬೇಕು.

ನಮ್ಮಲ್ಲಿ ಯಂತ್ರಕ್ಕೆ ಮೊದಲು ಅಂಜನವಿದ್ದಿತು. ಅಂಗೈಗೆ ಕಾಡಿಗೆ ಹಚ್ಚಿ ನೆಲದೊಳಗಿನ ಕೊಪ್ಪರಿಗೆಯನ್ನು ಕಾಣುವೆನೆಂಬ ಮಂತ್ರವಾದಿಗಳ ಮಾತನ್ನು ನಂಬಿ ಎಷ್ಟು ಹಾಳುಗುಡಿಗಳ ನಂದಿಯನ್ನು ಮಗುಚಿದ್ದಾರೆ, ಎಷ್ಟು ಲಿಂಗದ ಪೀಠಗಳನ್ನು ಕಿತ್ತಿದ್ದಾರೆ ಎಂಬುದಕ್ಕೆ ಕರ್ನಾಟಕದ ಯಾವ ತಾಲ್ಲೂಕಿನಲ್ಲಿಯೂ ಸಾಕ್ಷಿಗೆ ಬರವಿಲ್ಲ. ನಿಧಿಗಳ್ಳರು ಎಂಬ ಒಂದು ಪದವೇ ನಮ್ಮ ವೃತ್ತಪತ್ರಿಕೆಗಳಲ್ಲಿ ನೆಲೆಗೊಂಡಿದೆ. ಹಾಗೆಂದು ಭೂಗತವಾದ ದ್ರವ್ಯವು ಹಿಂದೆ ಹೇಳಕೇಳುವವರಿಲ್ಲದ ಸೊತ್ತಾಗಿತ್ತೆಂದು ಭಾವಿಸಬಾರದು. ವಿಜಯನಗರದ ಕಾಲದ ದಾನಶಾಸನಗಳಲ್ಲಿ ಗ್ರಾಮವನ್ನು ಕೊಡುವಾಗ ಅಷ್ಟಭೋಗ ತೇಜಸ್ವಾಮ್ಯವನ್ನು ಎಣಿಸುವುದುಂಟು. ನಿಧಿ ಮತ್ತು ನಿಕ್ಷೇಪಗಳು ಆ ಪಟ್ಟಿಯ ಮೊದಲಿನಲ್ಲಿಯೇ ಬರುತ್ತವೆ, ಜಲಪಾಷಾಣಾದಿಗಳು ಅನಂತರ. ನೆಲವನ್ನು ಪಡೆದವನು ನೆಲದಡಿಯದನ್ನೂ ಸ್ಪಷ್ಟವಾದ ಮಾತಿನಲ್ಲಿ ಪಡೆಯುತ್ತಿದ್ದನು. ಆಂಗ್ಲರು 1878ರಲ್ಲಿ ಮಾಡಿದ ನಿಧಿ ಕಾನೂನು ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯುಳ್ಳ ನಿಧಿ ಸಿಕ್ಕಿದವನು ಕಲೆಕ್ಟರಿಗೆ ತಿಳಿಸತಕ್ಕದ್ದೆಂದು ವಿಧಿಸಿತು. ನಮ್ಮ ರಾಜ್ಯಕ್ಕೆ 1962ರಲ್ಲಿ ಪ್ರತ್ಯೇಕವಾದ ಅಧಿನಿಯಮವೇ ಬಂದಿತು. ರಕ್ಷಿತ ಸ್ಥಳಗಳಲ್ಲಿ ಅನುಮತಿಯಿಲ್ಲದೆ ಗುದ್ದಲಿ ಹಾಕುವುದು ಅಪರಾಧ. ಆದುದರಿಂದ ಇಂಗ್ಲೆಂಡಿನ ಹೊಲಗಳಲ್ಲಿ ರಜಾದಿನದ ವಿನೋದವಾಗಿರುವ ಈ ಹವ್ಯಾಸವು ನಮ್ಮಲ್ಲಿ ನೆಲೆಯೂರಿಲ್ಲ. ಇಲ್ಲಿ ವಸ್ತುಗಳು ಮೇಲಕ್ಕೆ ಬರುವುದು ನೇಗಿಲಿನಿಂದ, ಹೂಳೆತ್ತುವ ಯಂತ್ರದಿಂದ, ರಸ್ತೆಯ ಮತ್ತು ರೈಲಿನ ಕೆಲಸದಿಂದ.

ರೈಲಿನ ಕೆಲಸವೆಂದೊಡನೆ ಯಶವಂತಪುರದ ಸಂಗತಿಯನ್ನು ಹೇಳದೆ ಇರಲಾಗದು. 1891ರಲ್ಲಿ ಅಲ್ಲಿ ರೈಲು ಹಾದಿಗಾಗಿ ನೆಲವನ್ನು ಕಡಿಯುತ್ತಿದ್ದಾಗ ರೋಮಿನ 163 ಬೆಳ್ಳಿಯ ನಾಣ್ಯಗಳು ಒಂದೇ ಕಡೆ ಸಿಕ್ಕಿದವು. ಅಗಸ್ಟಸ್, ಟೈಬೀರಿಯಸ್, ಕ್ಯಾಲಿಗುಲ, ಕ್ಲಾಡಿಯಸ್ ಮುಂತಾದವರ ಕಾಲದ ಮುದ್ರೆಗಳು ಅವು. ಒಂಟಿಯಾಗಿ ಸಿಕ್ಕಿದ ಅಗಸ್ಟಸನ ನಾಣ್ಯವೊಂದು ತನ್ನನ್ನು ಹೂತ ಕಾಲವನ್ನು ಹೇಳಲಾರದು, ಏಕೆಂದರೆ ಬೆಳ್ಳಿಯು ಮುನ್ನೂರು ವರ್ಷ ಕೈಯಿಂದ ಕೈಗೆ ಸಾಗಬಹುದು; ಆದರೆ ಒಟ್ಟಾಗಿ ಸಿಕ್ಕ ರಾಶಿಯಲ್ಲಿ ತೀರ ಈಚಿನವನು ಕ್ಲಾಡಿಯಸನಾಗಿದ್ದರೆ, ಆ ರಾಶಿಯನ್ನು ಹೂತದ್ದು ಕ್ಲಾಡಿಯಸನು ಪಟ್ಟಕ್ಕೆ ಬಂದ ಕ್ರಿ.ಶ. 41ಕ್ಕಿಂತ ಮೊದಲಲ್ಲವೆಂಬುದು ನಿಶ್ಚಿತವಾಗುತ್ತದೆ. ರಾಶಿಯನ್ನು ಕೂಲಿಗಳು ಹಂಚಿಕೊಂಡು ಮನೆಗೊಂದು ಒಯ್ದಿದ್ದರೆ ಆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಹೊಸಕೋಟೆಯ ತಾಲ್ಲೂಕಿನಲ್ಲಿಯೇ ಇದಕ್ಕಿಂತ ಪ್ರಾಚೀನವಾದ ಉದಾಹರಣೆಯಿದೆ. ಜಡಿಗೇನಹಳ್ಳಿಯ ಬಳಿ ಕಲ್ಲುಗಳ ವೃತ್ತಗಳು ಸುತ್ತುವರಿದ ಸಮಾಧಿಗಳನ್ನು 1957ರಲ್ಲಿ ಮೈಸೂರಿನ ಪ್ರಾಕ್ತನ ಇಲಾಖೆಯ ನಿರ್ದೇಶಕರಾದ ಎಂ. ಶೇಷಾದ್ರಿಯವರು ಅಗೆಸಿದರು. ಇಂಥ ಸಮಾಧಿಗಳನ್ನು ನಮ್ಮ ಜನರು ಪಾಂಡವರ ಗುಡಿಗಳೆಂದು ಕರೆಯುತ್ತ ಬಂದಿದ್ದಾರೆ. ಅವುಗಳಲ್ಲಿ ಒಳಗೆ ಕಪ್ಪು, ಹೊರಗೆ ಕೆಂಪಾದ ಮಡಕೆಗಳೊಡನೆ ಸಿಕ್ಕುವ ಕಬ್ಬಿಣವು ಎಷ್ಟೋ ವೇಳೆ ಕಬ್ಬಿಣವೆಂದೇ ತೋರುವುದಿಲ್ಲ. ತುಕ್ಕು ಉಬ್ಬಿ, ಮಣ್ಣು ಮರಳುಗಳನ್ನು ತನ್ನೊಳಗೆ ಸೇರಿಸಿಕೊಂಡು, ಒಣಗಿದ ಸಗಣಿಯ ಮುದ್ದೆಯಂತಿರುತ್ತದೆ. ಅದು ಕತ್ತಿಯೋ, ಉಳಿಯೋ, ಭರ್ಜಿಯ ಮೊನೆಯೋ ಎಂಬುದನ್ನು ಊಹಿಸಲು ಅದರ ಆಕಾರದಷ್ಟೇ ಅದು ಮಲಗಿದ್ದ ಬಗೆಯೂ, ಮಡಕೆಗೂ ಅದಕ್ಕೂ ಇದ್ದ ಅಂತರವೂ ನೆರವಾಗುತ್ತವೆ. ಅದನ್ನೇ ತಂದು ಮೇಜಿನ ಮೇಲಿಟ್ಟು ಇದೇನೆಂದು ಕೇಳಿದರೆ ಯಾವ ಪಂಡಿತನಾದರೂ ಕಿಟ್ಟವೆಂದು ಬದಿಗೆ ಸರಿಸಿಯಾನು.

ಪಂಡಿತರೂ ತಪ್ಪುವುದುಂಟು ಎಂಬುದಕ್ಕೆ ಮಲೆನಾಡಿನ ನಗರದಿಂದ ಒಂದು ನಿದರ್ಶನ. ಹಿಂದೆ ಬಿದನೂರೆನಿಸಿ, ಹೈದರನು 1763ರಲ್ಲಿ ಗೆದ್ದ ಮೇಲೆ ಹೈದರನಗರವಾದ ಆ ಊರಿನ ಹಾಳುಬಾವಿಯೊಂದರಲ್ಲಿ 2002ರಲ್ಲಿ ಸಿಕ್ಕಿದ ಕಬ್ಬಿಣದ ಕೊಳವೆಗಳನ್ನು ಫಿರಂಗಿಯ ಸಿಡಿಗುಂಡುಗಳೆಂದು ತಿಳಿದು ಶಿವಮೊಗ್ಗದ ವಸ್ತುಸಂಗ್ರಹಾಲಯದಲ್ಲಿ ಇರಿಸಿದ್ದರು. ಅವು ಮೈಸೂರಿನ ಸೈನ್ಯದ ಬಾಣಗಳೆಂಬುದು, ಎಂದರೆ ಪೊಳ್ಳಿಲೂರಿನ ಕಾಳಗದಲ್ಲಿ ಆಂಗ್ಲರನ್ನು ಕಂಗೆಡಿಸಿ ಮುಂದೆ ಇಂಗ್ಲೆಂಡಿನಲ್ಲಿ ಕಾಂಗ್ರೀವನ ಪ್ರಯೋಗಗಳಿಗೆ ಪ್ರೇರಣೆಯಾದ ರಾಕೆಟ್ಟುಗಳೆಂಬುದು, ತಿಳಿದುದು ಹಲವು ವರ್ಷಗಳ ತರುವಾಯ. 2018ರ ಜುಲೈ ತಿಂಗಳಿನಲ್ಲಿ ಅಲ್ಲಿಯೇ ಮತ್ತೆ ಅಗೆದಾಗ ಸಾವಿರಕ್ಕೂ ಮಿಕ್ಕ ಕೊಳವೆಗಳು ಹೊರಬಂದವು. ಉದ್ದದಲ್ಲಿ 23ರಿಂದ 26 ಸೆಂಟಿಮೀಟರುಗಳವರೆಗೆ. ಬಾವಿಯ ಕೆಸರು ಇನ್ನೂ ಮದ್ದಿನ ವಾಸನೆಯನ್ನು ಹೊರಸೂಸುತ್ತಿತ್ತೆಂದು ಅಗೆದವರು ಹೇಳಿದರು. ಒಂದೇ ಒಂದು ಕೊಳವೆ ಗುಜರಿಯ ರಾಶಿಯಲ್ಲಿ ಕಂಡಿದ್ದರೆ ನೀರಿನ ಪೈಪಿನ ತುಂಡೆಂದು ಯಾರಾದರೂ ಭಾವಿಸುತ್ತಿದ್ದರು. ಸಾವಿರ ಕೊಳವೆಗಳು ಮದ್ದಿನ ವಾಸನೆಯ ಒಂದೇ ಬಾವಿಯಲ್ಲಿದ್ದುದರಿಂದ ಅವು ಆಯುಧಾಗಾರದ ಸರಕೆಂಬುದು ನಿಸ್ಸಂದೇಹವಾಯಿತು.

ಇನ್ನು ಆನೆ ಕಾಸಿನ ಮಾತು. ಹೊಲದಲ್ಲಿ ಸಿಕ್ಕಿದ ತಾಮ್ರದ ಬಿಲ್ಲೆಯನ್ನು ನಮ್ಮ ಮನೆಗಳಲ್ಲಿ ಮೊದಲು ಮಾಡುವ ಉಪಚಾರವೆಂದರೆ ಹುಣಸೆಹಣ್ಣು ಮತ್ತು ಬೂದಿಯಿಂದ ತಿಕ್ಕುವುದು. ದೇವರ ಪಾತ್ರೆಗೆ ಇದು ಯೋಗ್ಯವಾದ ಸಂಸ್ಕಾರ, ನಾಣ್ಯಕ್ಕೆ ಮಹಾ ಅಪಚಾರ. ಕಿಲುಬಿನೊಡನೆ ಅಕ್ಷರವೂ ಸವೆದು, ಥಳಥಳಿಸುವ ಒಂದು ಮೂಕ ತಗಡು ಉಳಿಯುತ್ತದೆ. ತಿಕ್ಕದೆ, ನೀರಿನಲ್ಲಿ ಮಣ್ಣನ್ನಷ್ಟೇ ಕಳೆದು, ಓರೆಯಾದ ಬೆಳಕಿನಲ್ಲಿ ಹಿಡಿದು ನೋಡಿದರೆ ಆನೆಯ ಬೆನ್ನು, ಸೊಂಡಿಲು ಮೊದಲು ಮೂಡುತ್ತವೆ. ಆದರೆ ಆನೆಯು ಈ ನಾಡಿನಲ್ಲಿ ಯಾವ ಒಬ್ಬ ದೊರೆಯ ಸೊತ್ತೂ ಅಲ್ಲ. ಬಿಲ್ಲೆ ಚಿಕ್ಕದಾಗಿದ್ದು, ಆನೆಯ ಮೇಲೆ ಕನ್ನಡದ ಅಂಕಿಯೊಂದಿದ್ದು, ಹಿಂಬದಿಯಲ್ಲಿ ಅಡ್ಡಗೆರೆ ಉದ್ದಗೆರೆಗಳ ಚೌಕುಳಿಯಿದ್ದರೆ ಅದು ಮೈಸೂರಿನ ಹಳೆಯ ಒಡೆಯರ ಕಾಸು. ಆನೆಯ ಮೇಲೆ ಸೂರ್ಯಚಂದ್ರರ ನಡುವೆ ಶ್ರೀಕಾರವಿದ್ದರೆ ಮುಮ್ಮಡಿ ಕೃಷ್ಣರಾಜರದು. ಅವರ ಕೆಲವು ಕಾಸುಗಳ ಮೇಲೆ ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿಯೂ, ಜೊತೆಗೆ ಇಂಗ್ಲಿಷು ಪಾರಸಿಗಳಲ್ಲಿಯೂ ಬರೆದಿರುವುದನ್ನು ಕಂಡರೆ ಆ ಕಾಲದ ಆಡಳಿತವು ಎಷ್ಟು ಜನ ಯಜಮಾನರನ್ನು ಮೆಚ್ಚಿಸಬೇಕಾಗಿತ್ತೆಂಬುದು ತಿಳಿಯುತ್ತದೆ. ಹಿಂಬದಿಯಲ್ಲಿ ಪಾರಸಿಯ ಅಕ್ಷರಗಳಲ್ಲಿ ಪಟ್ಟಣ (ಎಂದರೆ ಶ್ರೀರಂಗಪಟ್ಟಣ), ನಗರ, ಬೆಂಗಳೂರು ಮೊದಲಾದ ಟಂಕಸಾಲೆಯ ಹೆಸರಿದ್ದರೆ ಅದು ಬಹುಮಟ್ಟಿಗೆ ಟಿಪ್ಪುವಿನ ಪೈಸೆ.

ಟಿಪ್ಪುವಿನ ಪೈಸೆಯನ್ನು ಓದುವುದರಲ್ಲಿ ಒಂದು ಮೋಜಿದೆ. ಪಾರಸಿಯಲ್ಲಿ ಅಕ್ಷರಗಳು ಬಲದಿಂದ ಎಡಕ್ಕೆ ಸಾಗಿದರೂ ಅಂಕಿಗಳನ್ನು ಬರೆಯುವುದು ನಮ್ಮಂತೆಯೇ ಎಡದಿಂದ ಬಲಕ್ಕೆ. 1787ರಲ್ಲಿ ಟಿಪ್ಪುವು ಹಿಜರಿಯನ್ನು ಬಿಟ್ಟು ಪೈಗಂಬರರ ಜನ್ಮದಿಂದ ಎಣಿಸುವ ಮೌಲೂದಿ ಶಕೆಯನ್ನು ನಾಣ್ಯಗಳ ಮೇಲೆ ತಂದಾಗ, ಅಂಕಿಗಳನ್ನೂ ಬಲದಿಂದಲೇ ಆರಂಭಿಸುವಂತೆ ಮಾಡಿದನು. ಆದುದರಿಂದ 1215ನೆಯ ವರ್ಷದ ಪೈಸೆಯನ್ನು ರೂಢಿಯಂತೆ ಓದಿದವನಿಗೆ 5121 ಎಂದು ಕಂಡು, ಕಲಿಯುಗದ ಲೆಕ್ಕವೋ ಎಂಬ ಭ್ರಾಂತಿ ಹುಟ್ಟುತ್ತದೆ. ತಾಮ್ರಕ್ಕೂ ಅವನು ಆಕಾಶದ ಹೆಸರುಗಳನ್ನಿಟ್ಟನು: ಪೈಸೆಗೆ ಜೊಹ್ರಾ ಎಂದರೆ ಶುಕ್ರ, ಅರ್ಧಕ್ಕೆ ಬಹ್ರಾಮ್ ಎಂದರೆ ಮಂಗಳ, ಕಾಲಿಗೆ ಅಖ್ತರ್ ಎಂದರೆ ನಕ್ಷತ್ರ, ಅರೆಕಾಲಿಗೆ ಕುತ್ಬ್ ಎಂದರೆ ಧ್ರುವ. ಹೊಸಕೋಟೆಯ ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದ ಹೆಂಗಸಿಗೆ ತನ್ನ ಸೆರಗಿನ ಗಂಟಿನಲ್ಲಿ ಶುಕ್ರನಿದ್ದಾನೆಂಬುದು ತಿಳಿದಿತ್ತೆಂದು ನನಗೆ ತೋರುವುದಿಲ್ಲ. ಅವಳಿಗೆ ಅದು ಆನೆ ಕಾಸು.

ಮುರಾರಿರಾಯನ ಆನೆ ಬೀಸಿದ ಸರಪಣಿಯ ವಿಚಾರವು ಮಾತ್ರ ನನ್ನ ಮನಸ್ಸನ್ನು ಬಿಟ್ಟುಹೋಗದು. ಅಷ್ಟು ರಭಸದಿಂದ ಬೀಸಿದಾಗ ಒಂದೆರಡು ಕೊಂಡಿಗಳಾದರೂ ಕಳಚಿ ಕತ್ತಲಲ್ಲಿ ಎಲ್ಲಿಯೋ ಬಿದ್ದಿರಬೇಕು. ಅಂದಿನ ದಂಡುಗಳು ಬೀಡುಬಿಟ್ಟ ಬಯಲಿನ ಮೇಲೆ ಇಂದು ಬಡಾವಣೆಗಳೂ, ಉಗ್ರಾಣಗಳೂ, ಕೋಲಾರದ ಕಡೆಗೆ ಓಡುವ ಲಾರಿಗಳ ಹೆದ್ದಾರಿಯೂ ಹರಡಿಕೊಂಡಿವೆ. ತಳಪಾಯ ತೋಡುವ ಜೆಸಿಬಿಯ ಹಲ್ಲಿಗೆ ನಾಳೆ ಹೆಬ್ಬೆರಳ ದಪ್ಪದ ಕಬ್ಬಿಣದ ಕೊಂಡಿಯೊಂದು ಸಿಕ್ಕಿದರೆ ಚಾಲಕನು ಅದನ್ನು ತೆಗೆದು ಪಕ್ಕಕ್ಕೆ ಎಸೆಯುವನು. ಸಾಯಂಕಾಲ ಯಾರೋ ಅದನ್ನು ಹಳೆಯ ಕಂಬಿಗಳೊಡನೆ ಚೀಲಕ್ಕೆ ಹಾಕಿಕೊಂಡು ಗುಜರಿ ಅಂಗಡಿಗೆ ಒಯ್ಯುವರು. ಅಂಗಡಿಯವನು ಒಮ್ಮೆ ಕೈಯಲ್ಲಿ ತೂಗಿ ನೋಡಿ, ಬಾವಿಯ ಸರಪಣಿಯಿರಬೇಕೆಂದುಕೊಂಡು, ತಕ್ಕಡಿಗೆ ಹಾಕುವನು.